ಕಾಪುವಿಗೆ ಕಾಣುವ ಹಡಗು

ಎಂ.ವಿ. ಅಲ್ಟೀನಾ ಹಡಗು,
ಕಾಪುವಿನ ಎದುರಿನ ಕಡಲು
೧೧ ಫೆಬ್ರವರಿ ೨೦೨೩

ಅಮ್ಮಾ,

ಕಾಗದ ನೋಡಿ ಹೆದರಬೇಡ, ನನಗೆ ಏನೂ ಆಗಿಲ್ಲ. ಹಡಗಿನ ಇಂಟರ್‌ನೆಟ್ಟನ್ನು ಕಂಪೆನಿಯವರು ನಿಲ್ಲಿಸಿದ್ದಾರೆ, ಮೊಬೈಲಿಗೆ ಇಲ್ಲಿ ಸಿಗ್ನಲ್ ಇಲ್ಲ. ಹದಿನೈದು ದಿನಕ್ಕೊಮ್ಮೆ ಪಣಂಬೂರಿನಿಂದ ಲಾಂಚಿನಲ್ಲಿ ನೀರು, ಅಕ್ಕಿ ತರುವ ಆಲ್ವಿನ್ ಅಂಕಲ್ ಕೈಯಲ್ಲಿ ಇದನ್ನು ಕೊಡುತ್ತೇನೆ. ಅವರ ಮನೆ ಮೂಳೂರಿನಲ್ಲಿ. ಕಾಪು ಪೇಟೆಯಲ್ಲಿ ನಿನ್ನ ಹತ್ತಿರ ಬಂಗುಡೆ ಮೀನು ತೆಗೆದುಕೊಂಡ ನೆನಪುಂಟಂತೆ.

ನಾವು ಬಂದದ್ದು ಚೀನಾಕ್ಕೆ ಕಬ್ಬಿಣದ ಅದಿರು ತುಂಬಿಸಿಕೊಂಡು ಹೋಗಲು. ಪಣಂಬೂರು ಬಂದರಿನ ಹೊರಗೆ ಲಂಗರು ಹಾಕಿ ಸರದಿ ಕಾಯುತ್ತಿದ್ದಾಗ ಚೀನಾದ ವ್ಯಾಪಾರಿಗಳು ಅದಿರು ಬೇಡ ಅಂದರು. ಆ ಕಡೆ ಕಟ್ಟಡದ ಕೆಲಸಗಳು ನಿಂತು ಉಕ್ಕಿಗೆ ಗಿರಾಕಿ ಇಲ್ಲವಂತೆ. ಬೇರೆ ಸರಕು ಸಿಗುವವರೆಗೆ ಹಡಗು ಹೀಗೇ ಖಾಲಿ ನಿಲ್ಲಬೇಕು. ಇಪ್ಪತ್ತೆರಡು ಮಂದಿ ಇದ್ದವರಲ್ಲಿ ಅರ್ಧ ಜನರನ್ನು ಮನೆಗೆ ಕಳಿಸಿದ್ದಾರೆ. ಹನ್ನೊಂದು ಮಂದಿ ಉಳಿದಿದ್ದೇವೆ.

ಆ ಜಾಗವೂ ಬಂದರಿನ ಗಡಿಯೊಳಗೇ, ನಿಂತರೆ ದಿನ ದಿನಕ್ಕೆ ಬಾಡಿಗೆ ಎಂದು ಮೊನ್ನೆ ಹಡಗನ್ನು ಬಡಗು ದಿಕ್ಕಿಗೆ ಸರಿಸಿದರು. ಲಂಗರು ಬಿಟ್ಟ ಮೇಲೆ ಮೂಡಕ್ಕೆ ನೋಡುತ್ತೇನೆ, ನಮ್ಮ ದೀಪಸ್ತಂಭ! ಹತ್ತು ಮೈಲಿ ದೂರದಲ್ಲಿ, ಬೆರಳಿನ ತುದಿಯಷ್ಟು. ಊರೆಲ್ಲ ಸುತ್ತಿ ಬಂದು ಮನೆಯ ಎದುರಿಗೇ ನಿಂತಿದ್ದೇನೆ, ಆದರೆ ಇಳಿಯುವ ಹಾಗಿಲ್ಲ. ಮರಳಿನ ಮೇಲೆ ನಿಂತು ನೇರ ಪಡುವಣಕ್ಕೆ ನೋಡಿದರೆ ಕೆಂಪು ಒಡಲಿನ ಹಡಗು ಕಾಣಬೇಕು. ಅದೇ ನಾನು.

ಅಪ್ಪ ಹೇಗಿದ್ದಾರೆ? ಕೇಳಿದೆ ಎಂದು ಹೇಳಬೇಕೆಂದಿಲ್ಲ.

ನಿನ್ನ
ಶರ್ಮಿಳಾ


ಕಾಪು ಪಡು
೨೦ ಫೆಬ್ರವರಿ

ಮಗಾ,

ಆಲ್ವಿನ್‌ನವರು ಮೀನು ಮಾರ್ಕೆಟ್ಟಿಗೇ ಬಂದು ಕಾಗದ ಕೊಟ್ಟರು. ಗಿರಾಕಿಗಳನ್ನು ಬಿಟ್ಟು ಎರಡು ಸಲ ಓದಿದೆ. ಸಂಜೆ ಕಡಲ ಬದಿಗೆ ಹೋಗಿ ನೋಡಿದೆ. ಕಂಡಿತು. ನಾನು ಏಳನೇ ಕ್ಲಾಸು ಓದಿದವಳು, ಹಡಗಿನ ವಿಷಯ ಎಂತ ಗೊತ್ತು ನನಗೆ? ಸರಕಿಲ್ಲದ ಹಡಗಿನಲ್ಲಿ ಹುಡುಗಿಯನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದಷ್ಟೇ ತಿಳಿಯಲಿಲ್ಲ.

ನಿನ್ನ ಭೋಜ ಮಾವನಿಗೂ ಕಷ್ಟವೇ. ಪ್ರವಾಸಿಗಳ ದೊಡ್ಡ ಹಡಗು ನಾಲ್ಕು ಬರುತ್ತದೆ ಎಂದು ಏಜೆಂಟರು ಹೇಳಿದ್ದರಂತೆ, ಬಂದದ್ದು ಒಂದು. ಅದರಲ್ಲೂ ಅರ್ಧ ಖಾಲಿ. ವಿಲಾಯತಿಯವರನ್ನು ಕಾರಿನಲ್ಲಿ ಕಾರ್ಕಳಕ್ಕೆ ಕರೆದುಕೊಂಡು ಹೋಗಿ ಗೊಮ್ಮಟನನ್ನು ತೋರಿಸುತ್ತಿದ್ದವನು ಈಗ ಮಣಿಪಾಲದ ಹಾಸ್ಟೆಲ್ ಮಕ್ಕಳನ್ನು ಏರ್‌ಪೋರ್ಟಿಗೆ ಬಿಡುತ್ತಿದ್ದಾನೆ. "ಅಕ್ಕಾ, ಈ ಮಕ್ಕಳು ಗೊಮ್ಮಟನಿಗಿಂತ ಒಳ್ಳೆಯವರು, ಮೆಟ್ಟಿಲು ಹತ್ತಿಸುವುದಿಲ್ಲ" ಅಂತಾನೆ. ನಗು ಬಿಡಲಿಲ್ಲ ಅವನು, ಅದೇ ಸಮಾಧಾನ.

ನಿನ್ನ ಅಪ್ಪನಿಗೆ ಮಾತ್ರ ಈ ವರ್ಷ ಖುಷಿ. "ಹಡಗುಗಳ ಕಾಟ ಇಲ್ಲ, ಬಲೆ ಬಿಟ್ಟು ನೆಮ್ಮದಿಯಲ್ಲಿ ಕೂರಬಹುದು" ಅಂತಾರೆ. ಆ ಕೆಂಪು ಹಡಗಿನಲ್ಲಿ ನೀನಿದ್ದೀ ಎಂದು ಹೇಳಿದೆ. ತಲೆಗೆ ಮುಂಡಾಸು ಸುತ್ತುತ್ತಿದ್ದರು. ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದರು.

ಹೊಟ್ಟೆ ತುಂಬಾ ಊಟ ಮಾಡು.
ಅಮ್ಮ (ವಾರಿಜಾ)


ಎಂ.ವಿ. ಅಲ್ಟೀನಾ
೭ ಮಾರ್ಚ್

ಅಮ್ಮಾ,

ಹುಡುಗಿಯನ್ನು ಯಾಕೆ ಇಟ್ಟುಕೊಂಡಿದ್ದಾರೆ ಎಂದು ಕೇಳಿದ್ದೀಯಲ್ಲ, ಇಲ್ಲಿ ನಾನು ಕೆಡೆಟ್. ಅಂದರೆ ಕಲಿಯುವವಳು. ದಿನಕ್ಕೆ ಎಂಟು ಗಂಟೆ ಮೇಲಿನ ಕೋಣೆಯಲ್ಲಿ ನಿಂತು ಲಂಗರು ಜಾರುತ್ತಿದೆಯೋ, ಹತ್ತಿರ ಯಾವ ದೋಣಿ ಬಂತು, ಗಾಳಿ ಎತ್ತ ಎಂದು ನೋಡಿ ಬರೆಯಬೇಕು. ಉಳಿದ ಹೊತ್ತು ತುಕ್ಕು ಕೆರೆದು ಬಣ್ಣ ಹಚ್ಚುವುದು. ನಮ್ಮ ಕ್ಯಾಪ್ಟನ್ ಬೆಂಜಮಿನ್ ಎಂದು, ತೂತ್ತುಕುಡಿಯವರು. ಕಡಿಮೆ ಮಾತಿನವರು, ಒಳ್ಳೆಯವರು. ಅವರ ಮಗಳಿಗೆ ನನ್ನಷ್ಟೇ ವಯಸ್ಸಂತೆ.

ನಿಂತ ಹಡಗಿನ ಅಡಿಯಲ್ಲಿ ಪಾಚಿ, ಚಿಪ್ಪು ಬೆಳೆದು ಮೀನು ಸೇರಿದೆ. ಮೀನಿನ ಹಿಂದೆ ನಾಡದೋಣಿಗಳು. ನಿನ್ನೆ ಬೆಳಿಗ್ಗೆ ರೇಲಿಂಗಿಗೆ ಬಣ್ಣ ಬಳಿಯುತ್ತಿದ್ದೆ, ಕೆಳಗೆ ಹಳದಿ ದೋಣಿಯೊಂದು ಬಂತು. ಮೂತಿಯ ಎಡಗಡೆ ಬೇರೆ ಬಣ್ಣದ ಹಲಗೆ ಹೊಡೆದ ದೋಣಿ. ಅಪ್ಪ ಹಿಂದೆ ಎಂಜಿನಿನ ಹತ್ತಿರ ಕೂತಿದ್ದರು. ಒಂದು ಗಂಟೆ ಇದ್ದರು, ಎರಡು ದೊಡ್ಡ ಅಂಜಲ್ ಮೀನು ಸಿಕ್ಕಿತು. ತಲೆ ಎತ್ತಿ ನೋಡಲಿಲ್ಲ. ನಾನೂ ಕೂಗಲಿಲ್ಲ. ಅವರ ಜೊತೆ ಮಾತು ಬಿಟ್ಟು ಎರಡು ವರ್ಷವಾಯಿತು, ಹಡಗಿನ ಮೇಲಿನಿಂದ ಕೂಗಿ ಸುರುಮಾಡುವುದು ಹೇಗೆ?

ಕೂದಲು ಪೂರಾ ನೆರೆತಿದೆಯಲ್ಲ ಅಮ್ಮ. ನೀನು ಹೇಳಲೇ ಇಲ್ಲ.

ಶರ್ಮಿಳಾ


ಕಾಪು ಪಡು
೧೫ ಮಾರ್ಚ್

ಮಗಾ,

ಆಲ್ವಿನ್‌ನವರು ಅವಸರದಲ್ಲಿದ್ದಾರೆ, ಸ್ವಲ್ಪವೇ ಬರೆಯುತ್ತೇನೆ.

ಆ ದಿನ ನಿನ್ನ ಅಪ್ಪ ಮನೆಗೆ ಬಂದು ಉಣ್ಣುವಾಗ ಹೇಳಿದರು: "ಆ ಹಡಗಿನಲ್ಲಿ ಒಬ್ಬಳು ಬಣ್ಣ ಬಳಿಯುತ್ತಾ ಇದ್ದಳು. ಅಷ್ಟು ಎತ್ತರದಲ್ಲಿ ಸೊಂಟಕ್ಕೆ ಒಂದು ಹಗ್ಗ ಕಟ್ಟಿಕೊಂಡಿರಲಿಲ್ಲ."

"ಯಾರು?" ಎಂದೆ.

"ಯಾರೋ" ಎಂದರು. ಮತ್ತೆ ಅನ್ನ ಹಾಕಿಸಿಕೊಳ್ಳಲಿಲ್ಲ.

ಬಣ್ಣ ಬಳಿಯುವಾಗ ಸೊಂಟಕ್ಕೆ ಹಗ್ಗ ಕಟ್ಟಿಕೋ.

ಅಮ್ಮ


ಎಂ.ವಿ. ಅಲ್ಟೀನಾ
೧೦ ಏಪ್ರಿಲ್

ಅಮ್ಮಾ,

ಹಗ್ಗ ಕಟ್ಟಿಕೊಳ್ಳುತ್ತಿದ್ದೇನೆ.

ನಿನಗೆ ಸಿಟ್ಟು ಬರುವ ವಿಷಯವೊಂದುಂಟು. ಬೇರೆಯವರಿಂದ ಕೇಳುವುದಕ್ಕಿಂತ ನಾನೇ ಹೇಳುತ್ತೇನೆ. ಮುಂದಿನ ಲಾಂಚಿನಲ್ಲಿ ಬೇಕಾದರೆ ಇಳಿದು ಹೋಗಬಹುದು ಎಂದು ಕಂಪೆನಿಯಿಂದ ನನಗೆ ಹೇಳಿ ಬಂದಿದೆ. ಹೋಗುವುದಿಲ್ಲ ಎಂದು ಬರೆದುಕೊಟ್ಟೆ.

ಪರೀಕ್ಷೆಗೆ ಕೂರಲು ನನಗೆ ಇನ್ನು ಅರವತ್ತು ದಿನದ ಹಡಗಿನ ಕೆಲಸ ಬೇಕು. ಈಗ ಇಳಿದರೆ ಬೇರೆ ಹಡಗು ಯಾವಾಗ ಸಿಗುತ್ತದೆ ಎಂದು ಯಾರಿಗೂ ಗೊತ್ತಿಲ್ಲ. ನನ್ನ ಜೊತೆ ಮುಂಬೈಯಲ್ಲಿ ಕಲಿತ ನಲವತ್ತು ಮಂದಿಯಲ್ಲಿ ಹದಿನೇಳು ಮಂದಿ ಇವತ್ತಿಗೂ ಹಡಗು ಹತ್ತಿಲ್ಲ. ಸರಕು ಕಡಿಮೆಯಾದರೆ ಕಂಪೆನಿಯವರು ಮೊದಲು ಬೇಡ ಎನ್ನುವುದು ಕೆಡೆಟ್‌ಗಳನ್ನೇ. ಲಂಗರಿನಲ್ಲಿ ನಿಂತ ದಿನಗಳೂ ಸೇರುತ್ತವೆ, ಎಷ್ಟು ಸೇರುತ್ತವೋ ಅಷ್ಟಕ್ಕೂ ಸಹಿ ಹಾಕುತ್ತೇನೆ ಎಂದು ಕ್ಯಾಪ್ಟನ್ ಹೇಳಿದ್ದಾರೆ. ಇನ್ನೊಂದು ಸಂಗತಿ, ನಾನು ಹೋದರೆ ಕಾವಲಿಗೆ ಉಳಿಯುವ ಮೂವರು ಹತ್ತು ಹನ್ನೊಂದು ಗಂಟೆ ನಿಲ್ಲಬೇಕು.

ಅರವತ್ತು ದಿನ, ಅಷ್ಟೇ.

ಶರ್ಮಿಳಾ


ಕಾಪು ಪಡು
೨೫ ಏಪ್ರಿಲ್

ಶರ್ಮಿಳಾ,

ಮಗಾ ಎಂದು ಬರೆಯುವಷ್ಟು ಸಮಾಧಾನ ನನಗೆ ಇವತ್ತಿಲ್ಲ. ಅರವತ್ತು ದಿನ ಎಂದರೆ ಜೂನ್ ಆಗುತ್ತದೆ. ಜೂನಿನಲ್ಲಿ ಕಡಲು ಹೇಗಿರುತ್ತದೆ ಎಂದು ನಿನಗೆ ಹೇಳಿಕೊಡಬೇಕಾ? ನಾನು ಹೆದರಿಕೆಯವಳಲ್ಲ. ಇಪ್ಪತ್ತೈದು ವರ್ಷ ಗಂಡನನ್ನು ಕಡಲಿಗೆ ಕಳಿಸಿದವಳು. ಅವರದ್ದಾದರೆ ಸಣ್ಣ ದೋಣಿ, ಗಾಳಿ ಎದ್ದರೆ ತಿರುಗಿಸಿ ಬರುತ್ತಾರೆ. ನಿಮ್ಮ ಹಡಗು ಎಲ್ಲಿಗೆ ತಿರುಗುತ್ತದೆ?

ಆಲ್ವಿನ್‌ನವರು ನಿನ್ನೆ ಇನ್ನೊಂದು ಹೇಳಿದರು. ಲಾಂಚನ್ನು ಕಂಪೆನಿ ದುಡ್ಡಿಲ್ಲ ಎಂದು ನಿಲ್ಲಿಸಿದೆಯಂತೆ, ನಾಳೆಯದು ಕೊನೆಯ ಟ್ರಿಪ್. ಅವರಿಗೂ ಬೇಸರ. "ಅಲ್ಲಿ ಹನ್ನೊಂದು ಜನ ಇದ್ದಾರೆ ವಾರಿಜಕ್ಕ, ನೀರು ಒಂದು ತಿಂಗಳಿಗೆ ಸಾಕೋ ಇಲ್ಲವೋ" ಎಂದರು. ನಿನ್ನ ಅಪ್ಪ ಅಂಗಳದಲ್ಲಿ ಬಲೆ ನೇಯುತ್ತಿದ್ದವರು ಎಲ್ಲವನ್ನೂ ಕೇಳಿಸಿಕೊಂಡರು.

ಇವತ್ತು ಬೆಳಿಗ್ಗೆ ಎದ್ದು ನೋಡುತ್ತೇನೆ, ದೋಣಿಯಲ್ಲಿ ನೀರಿನ ನಾಲ್ಕು ಕ್ಯಾನು, ಒಂದು ಮೂಟೆ ಕುಚ್ಚಲಕ್ಕಿ. "ಇಷ್ಟು ಯಾರಿಗೆ?" ಎಂದೆ. "ನಮಗೆ" ಎಂದರು. ದೋಣಿಯಲ್ಲಿ ಇರುವುದು ನಾಲ್ಕು ಜನ. ಮಧ್ಯಾಹ್ನ ಮನೆಗೆ ಬರುವವರು.

ಅಮ್ಮ


ಎಂ.ವಿ. ಅಲ್ಟೀನಾ
೧೯ ಮೇ

ಅಪ್ಪಾ,

ಐದು ಸಲ ಬಂದಿರಿ. ನಾವು ಇಳಿಸಿದ ಬಕೆಟ್ಟಿಗೆ ನೀರು, ಅಕ್ಕಿ, ಮೀನು, ಒಮ್ಮೆ ಅಮ್ಮ ಮಾಡಿದ ಮಾವಿನಕಾಯಿ ಉಪ್ಪಿನಕಾಯಿ. ಐದು ಸಲವೂ ಹಗ್ಗ ಎಳೆದು ಸನ್ನೆ ಮಾಡಿದಿರಿ, ಮಾತಾಡಲಿಲ್ಲ. ಕ್ಯಾಪ್ಟನ್ ಮೇಲಿನಿಂದ ಕೈಮುಗಿದರೆ ನೀವೂ ಮುಗಿದಿರಿ. ಇವತ್ತು ಬಕೆಟ್ಟಿನಲ್ಲಿ ಈ ಕಾಗದ ಇಳಿಸುತ್ತೇನೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಬೆಳಗಿನ ಮಂಜಿನಲ್ಲಿ ಯಾವುದೋ ಹಡಗು ನಿಮ್ಮ ಬಲೆಯ ಮೇಲೆ ಹಾದು ಹೋಯಿತು. ದೋಣಿಯ ಮೂತಿ ಒಡೆದು ನೀವು ನಾಲ್ಕೂ ಜನ ಹೇಗೋ ಬಂದು ಸೇರಿದಿರಿ. ಬಲೆ ಹೋದ ಮೇಲೆ ಮೂರು ವರ್ಷ ಬೇರೆಯವರ ಬೋಟಿಗೆ ಕೆಲಸಕ್ಕೆ ಹೋದಿರಿ. ನಾನು ಹಡಗಿನ ಕೋರ್ಸಿಗೆ ಸೇರಿದಾಗ ನೀವು ಏನು ತಿಳಿದುಕೊಂಡಿರಿ ಎಂದು ನನಗೆ ಗೊತ್ತು. ನಮ್ಮ ಹೊಟ್ಟೆಗೆ ಹೊಡೆದವರ ಕಡೆಗೆ ಇವಳೂ ಹೋದಳು ಎಂದು.

ದೋಣಿ ಒಡೆದ ದಿನ ನೀವು ಜಗಲಿಯಲ್ಲಿ ಒದ್ದೆ ಬಟ್ಟೆಯಲ್ಲೇ ಕೂತು ಹೇಳಿದ್ದು ನಾನು ಮರೆತಿಲ್ಲ. "ಅಷ್ಟು ದೊಡ್ಡ ಹಡಗಿನಲ್ಲಿ ಕೆಳಗೆ ನೋಡುವವರು ಒಬ್ಬರಾದರೂ ಇರುವುದಿಲ್ಲವಾ?" ಎಂದಿರಿ. ನಾನು ಹಡಗು ಹತ್ತಿದ್ದು ಅದಕ್ಕೇ ಅಪ್ಪ. ಕೆಳಗೆ ನೋಡಲಿಕ್ಕೆ. ಆಗಲೇ ಹೇಳಬೇಕಿತ್ತು. ನಿಮ್ಮ ಮುಖ ನೋಡಿ ಬಾಯಿ ಬರಲಿಲ್ಲ. ಅಹಂಕಾರವೂ ಇತ್ತು.

ಇಲ್ಲಿ ಇಂಧನ ಮುಗಿಯುತ್ತಾ ಬಂದಿದೆ. ದಿನಕ್ಕೆ ಎರಡೇ ಗಂಟೆ ಜನರೇಟರ್ ಹಾಕುತ್ತಾರೆ. ಅಮ್ಮನಿಗೆ ಹೇಳಬೇಡಿ.

ಶರ್ಮಿಳಾ


ಕಾಪು
೩೦ ಮೇ

ಶರ್ಮಿಳಾ,

ಕಾಗದ ಓದಿದೆ. ಅದರ ಮಾತು ಆಮೇಲೆ. ಮೊದಲು ಇದನ್ನು ನಿನ್ನ ಕ್ಯಾಪ್ಟನಿಗೆ ಹೇಳು.

ನೀವು ಲಂಗರು ಹಾಕಿದ ಜಾಗ ಒಳ್ಳೆಯದಲ್ಲ. ಅಡಿಯಲ್ಲಿ ಒಂದು ಮೊಳ ಕೆಸರು, ಅದರ ಕೆಳಗೆ ಹಾಸುಬಂಡೆ. ಈಗಿನ ಗಾಳಿಗೆ ನಿಲ್ಲುತ್ತದೆ, ಮಳೆಗಾಲದ ಗಾಳಿಗೆ ಲಂಗರು ಕಚ್ಚುವುದಿಲ್ಲ, ಜಾರುತ್ತದೆ. ಜಾರಿದರೆ ನೇರ ಮೂಡಕ್ಕೆ, ನಮ್ಮ ಕಲ್ಲುಗಳ ಮೇಲೆ. ನಮ್ಮ ದೋಣಿಯ ಲಂಗರೇ ಅಲ್ಲಿ ಎಷ್ಟೋ ಸಲ ಜಾರಿದೆ.

ಅಲ್ಲಿಂದ ಮೂರು ಮೈಲಿ ಪಡು-ಬಡಗಿಗೆ ಅಂಟು ಜೇಡಿ ಉಂಟು. ಬಲೆಯ ಗುಂಡು ಅದರಲ್ಲಿ ಹೂತರೆ ಇಬ್ಬರು ಎಳೆಯಬೇಕು. ಜಿಪಿಎಸ್ಸಿನ ಅಂಕೆ ಹಿಂದುಗಡೆ ಬರೆದಿದ್ದೇನೆ. ಎರಡು ಲಂಗರನ್ನೂ ಅಲ್ಲೇ ಹಾಕಲಿ. ಒಂದು ವಾರದೊಳಗೆ. ಅಲೆ ಈಗಲೇ ತೆಂಕಿನಿಂದ ಉದ್ದ ಉದ್ದ ಬರುತ್ತಿದೆ, ಇದು ಸುಮ್ಮನೆ ಬರುವ ಅಲೆಯಲ್ಲ.

ಮೀನು ಹಿಡಿಯುವವನ ಮಾತು ಎಂದು ಬಿಡದಿರಲಿ. ನಾಳೆಯಿಂದ ನನಗೂ ಅಷ್ಟು ದೂರ ಬರಲಿಕ್ಕಾಗುವುದಿಲ್ಲ.

ಗಣಪ


ಪಣಂಬೂರು, ಬಂದರಿನ ಒಳಗೆ
೧೩ ಜೂನ್

ಅಮ್ಮಾ, ಅಪ್ಪಾ,

ಬೆಳಿಗ್ಗೆ ಆಲ್ವಿನ್ ಅಂಕಲರ ಫೋನಿನಿಂದ ಮಾಡಿ "ನಾನು ಸರಿ ಇದ್ದೇನೆ" ಎಂದದ್ದಷ್ಟೇ, ಅಮ್ಮ ಅಳಲಿಕ್ಕೆ ಸುರುಮಾಡಿದಳು, ಮುಂದೆ ಹೇಳಲಿಕ್ಕೆ ಆಗಲಿಲ್ಲ. ನನ್ನ ಫೋನು ಉಪ್ಪುನೀರು ಕುಡಿದು ಸತ್ತಿದೆ. ಕಾಗದಪತ್ರ ಮುಗಿಯುವವರೆಗೆ ಎರಡು ದಿನ ಹಡಗಿನಿಂದ ಇಳಿಯುವಂತಿಲ್ಲ. ಅದಕ್ಕೆ ಎಲ್ಲವನ್ನೂ ಬರೆದು ಅವರ ಕೈಯಲ್ಲೇ ಕೊಡುತ್ತಿದ್ದೇನೆ.

ಅಪ್ಪ, ನಿಮ್ಮ ಕಾಗದವನ್ನು ಅವತ್ತೇ ಕ್ಯಾಪ್ಟನಿಗೆ ಇಂಗ್ಲಿಷಿನಲ್ಲಿ ಓದಿ ಹೇಳಿದೆ. ಚೀಫ್ ಎಂಜಿನಿಯರ್ ಒಪ್ಪಲಿಲ್ಲ. "ಇರುವ ಇಂಧನವೆಲ್ಲ ಜಾಗ ಬದಲಿಸುವುದಕ್ಕೇ ಮುಗಿಯುತ್ತದೆ. ಮತ್ತೆ ಎಂಜಿನ್ ಹಾಕಬೇಕಾದರೆ ಎಂತ ಮಾಡುವುದು?" ಎಂದರು. ಅದೂ ಸರಿಯೇ.

ಕಡಲಿನ ತಳದಲ್ಲಿ ಎಂತ ಉಂಟು ನೋಡಲು ಕ್ಯಾಪ್ಟನ್ ಸೀಸದ ಗುಂಡಿನ ಅಡಿಗೆ ಗ್ರೀಸ್ ಹಚ್ಚಿ ಹಗ್ಗದಲ್ಲಿ ಇಳಿಸಿದರು. ಮೇಲೆ ಬಂದಾಗ ಚೂರು ಕೆಸರು, ಕಲ್ಲು ತಾಗಿದ ಒಂದು ಗೀರು. ಅದನ್ನು ಹೆಬ್ಬೆರಳಿನಲ್ಲಿ ಸವರಿ ನನ್ನನ್ನು ಕೇಳಿದರು:

"ನಿನ್ನ ತಂದೆ ಇಲ್ಲಿ ಎಷ್ಟು ವರ್ಷದಿಂದ ಮೀನು ಹಿಡಿಯುತ್ತಿದ್ದಾರೆ?"

"ಮೂವತ್ತೈದು, ಸರ್."

"ನಾನು ಬಂದು ನಾಲ್ಕು ತಿಂಗಳು" ಎಂದು ಹೇಳಿ ಎಂಜಿನ್ ಹಾಕಿಸಿದರು.

ನೀವು ಕೊಟ್ಟ ಅಂಕೆಯ ಮೇಲೆ ಎರಡೂ ಲಂಗರು ಬಿಟ್ಟೆವು. ಮೂರನೇ ದಿನಕ್ಕೆ ಇಂಧನ ಮುಗಿಯಿತು. ಆಮೇಲೆ ಆ ಗಾಳಿ ಬಂತು. ಎರಡು ಹಗಲು ಹಡಗಿನ ಮೂತಿ ಎದ್ದು ಬೀಳುತ್ತಿತ್ತು, ಸರಪಳಿ ನರಳುವುದು ಅಡುಗೆಮನೆಯವರೆಗೆ ಕೇಳುತ್ತಿತ್ತು. ನಾನು ಕೈಯಲ್ಲಿ ಹಿಡಿದ ದಿಕ್ಸೂಚಿಯಿಂದ ದೀಪಸ್ತಂಭದ ದಿಕ್ಕು ಅಳೆಯುತ್ತಾ ನಿಂತೆ. ಮಳೆ ಬಿಟ್ಟಾಗಲೆಲ್ಲ ನೋಡುವುದು. ಅದೇ ಅಂಕೆ. ಮತ್ತೆ ನೋಡುವುದು, ಅದೇ ಅಂಕೆ. ಎರಡನೇ ದಿನ ಸಂಜೆ ಚೀಫ್ ಎಂಜಿನಿಯರ್ ಬಂದು ಕೇಳಿದರು, "ಜಾರಿತಾ?" "ಇಲ್ಲ ಸರ್, ಒಂದು ಚೂರೂ ಇಲ್ಲ" ಎಂದೆ. ಅವರು ನೆಲದಲ್ಲೇ ಕುಳಿತು ಮುಖ ಒರೆಸಿಕೊಂಡರು.

ಹಡಗನ್ನು ಬೇರೆಯವರು ಕೊಂಡಿದ್ದಾರಂತೆ. ಅವರು ಕಳಿಸಿದ ಟಗ್ ನಿನ್ನೆ ಬಂದು ನಮ್ಮನ್ನು ಬಂದರಿನೊಳಗೆ ಎಳೆದು ತಂದಿತು. ಹನ್ನೊಂದು ಮಂದಿಯೂ ಕ್ಷೇಮ. ನೀರು ಅಲುಗಾಡದ ಜಾಗದಲ್ಲಿ ನಿಂತದ್ದೇ ನನಗೆ ತಲೆ ತಿರುಗುತ್ತಿದೆ ಅಮ್ಮ, ನಗು ಬರುತ್ತಿದೆ.

ಮನೆಗೆ ಬರುತ್ತೇನೆ,
ಶರ್ಮಿಳಾ


ಕಾಪು ಪಡು
೨ ಜುಲೈ ೨೦೨೩

ಕ್ಯಾಪ್ಟನ್ ಬೆಂಜಮಿನ್ ಸಾಹೇಬರಿಗೆ, ಕಾಪುವಿನ ಮೀನುಗಾರ ಗಣಪನ ನಮಸ್ಕಾರ.

ತೂತ್ತುಕುಡಿಯಿಂದ ನೀವು ಬರೆದ ಕಾಗದ ತಲುಪಿತು. ಶರ್ಮಿಳಾ ಓದಿ ಹೇಳಿದಳು. ಇದನ್ನೂ ಅವಳೇ ಇಂಗ್ಲಿಷಿಗೆ ಮಾಡಿ ಕಳಿಸುತ್ತಾಳೆ. ನನ್ನ ಕನ್ನಡ ಐದನೇ ಕ್ಲಾಸಿನದು, ಅವಳಿಗೆ ಹೆಚ್ಚು ಕಷ್ಟವಾಗಲಿಕ್ಕಿಲ್ಲ.

ಹನ್ನೊಂದು ಜೀವ ಉಳಿಸಿದೆ ಎಂದು ಬರೆದಿದ್ದೀರಿ. ಅಷ್ಟು ದೊಡ್ಡ ಮಾತು ಬೇಡ. ಅಡಿಯಲ್ಲಿ ಎಂತ ಉಂಟು ಎಂದು ನನಗೆ ಗೊತ್ತಿತ್ತು, ಹೇಳಿದೆ. ನೀವು ಕೇಳಿದಿರಿ. ದೊಡ್ಡ ಹಡಗಿನವರು ನಮ್ಮವರ ಮಾತು ಕೇಳಿದ್ದನ್ನು ನಾನು ನೋಡಿದ್ದು ಇದೇ ಮೊದಲು.

ಆ ಎರಡು ದಿನ ನಾನೂ ವಾರಿಜಾಳೂ ಕಡಲ ಬದಿಯಲ್ಲೇ ಇದ್ದೆವು. ಮಳೆಗೆ ಏನೂ ಕಾಣುತ್ತಿರಲಿಲ್ಲ. ಎರಡನೇ ಸಂಜೆ ಮಳೆ ಸ್ವಲ್ಪ ಬಿಟ್ಟಿತು. ಹಡಗು ಇದ್ದಲ್ಲೇ ಇತ್ತು. ನನ್ನ ಹೆಂಡತಿ "ಉಂಟು, ಉಂಟು" ಎಂದು ಕೂಗಿದಳು. ನಾನು ಒದ್ದೆ ಮರಳಿನಲ್ಲೇ ಕೂತೆ.

ಹದಿನೈದನೇ ತಾರೀಕು ನನ್ನ ಭಾವಮೈದ ಭೋಜನ ಕಾರಿನಲ್ಲಿ ಬಂದರಿನ ಗೇಟಿಗೆ ಹೋದೆವು. ಅವಳು ಚೀಲ ಹೊತ್ತುಕೊಂಡು ಬಂದಳು. ಏನೇನೋ ಮಾತಾಡಬೇಕೆಂದು ದಾರಿಯಿಡೀ ಲೆಕ್ಕ ಹಾಕಿದ್ದೆ. "ಹಸಿವಾ?" ಎಂದೆ. "ಹೂಂ ಅಪ್ಪ" ಎಂದಳು. ಪಡುಬಿದ್ರಿಯಲ್ಲಿ ಹೋಟೆಲಿಗೆ ಹೋಗಿ ನಾಲ್ಕೂ ಜನ ಗೋಳಿಬಜೆ ತಿಂದೆವು. ಅವಳೊಬ್ಬಳೇ ಎರಡು ಪ್ಲೇಟು. ಮನೆಗೆ ಬಂದು ಮಲಗಿದವಳು ಮರುದಿನ ಮಧ್ಯಾಹ್ನ ಎದ್ದಳು. ನೋಡಲಿಕ್ಕೆ ಬಂದವರನ್ನೆಲ್ಲ ನಾನು ಅಂಗಳದಿಂದಲೇ ಕಳಿಸಿದೆ.

ನೀವು ಸಹಿ ಹಾಕಿದ ದಿನಗಳು ಪರೀಕ್ಷೆಗೆ ಸಾಕಾದವು. ಮೊನ್ನೆ ಉಡುಪಿಗೆ ಹೋಗಿ ಫೋಟೋ ತೆಗೆಸಿ, ಅರ್ಜಿ ಹಾಕಿ ಬಂದಳು. ಮಾರ್ಕೆಟ್ಟಿನಲ್ಲಿ ಹೆಂಗಸರು ವಾರಿಜಾಳನ್ನು ಕೇಳಿದರಂತೆ, "ಇನ್ನೂ ಹಡಗಿಗೆ ಕಳಿಸುತ್ತೀಯಾ?" ಎಂದು. "ಕಳಿಸಲಿಕ್ಕೆ ನಾನು ಯಾರು? ಅವಳ ಕೆಲಸ, ಅವಳು ಹೋಗುತ್ತಾಳೆ" ಎಂದಳಂತೆ. ಏಪ್ರಿಲಿನಲ್ಲಿ ಮಗಳಿಗೆ ಎಂಥ ಕಾಗದ ಬರೆದಿದ್ದಳು ಎಂದು ನಾನು ನೆನಪು ಮಾಡಲಿಲ್ಲ. ಮನೆಯಲ್ಲಿ ನೆಮ್ಮದಿ ಬೇಕಲ್ಲ.

ಇನ್ನೊಂದು ಮಾತುಂಟು. ನೀವೂ ಒಬ್ಬಳು ಮಗಳ ತಂದೆಯಂತೆ, ಅದಕ್ಕೆ ನಿಮಗೆ ಬರೆಯುತ್ತೇನೆ. ಎರಡು ವರ್ಷ ನಾನು ಅವಳೊಡನೆ ಮಾತು ಬಿಟ್ಟಿದ್ದೆ. ಕೋರ್ಸ್ ಮುಗಿಸಿ ಹತ್ತು ದಿನ ಮನೆಗೆ ಬಂದಾಗ, ಅವಳು ಎದುರಿಗೆ ಬಂದರೆ ನಾನು ಬಲೆ ಹಿಡಿದುಕೊಂಡು ಹೊರಗೆ ಹೋಗುತ್ತಿದ್ದೆ. ಅದು ತಪ್ಪು. ನಿಮ್ಮ ಹಡಗಿನ ಅಡಿಯಲ್ಲಿ ನಾನು ಮೊದಲ ಸಲ ಬಂದದ್ದು ಮೀನಿಗಾಗಿ ಅಲ್ಲ. ತಲೆ ಎತ್ತದೆ ಇದ್ದದ್ದು ಸಿಟ್ಟಿಗೂ ಅಲ್ಲ. ಕಣ್ಣು ಒದ್ದೆಯಾಗಿತ್ತು, ದೋಣಿಯಲ್ಲಿ ಬೇರೆ ಮೂರು ಜನ ಇದ್ದರು.

ಇದನ್ನು ಅವಳ ಎದುರು ನಿಂತು ಹೇಳಲಿಕ್ಕೆ ನನ್ನಿಂದಾಗುವುದಿಲ್ಲ ಸಾಹೇಬರೇ, ಆದ್ದರಿಂದ ನಿಮಗೆ ಬರೆದೆ. ಇಂಗ್ಲಿಷಿಗೆ ಮಾಡುವವಳು ಅವಳೇ ಎಂದು ನನಗೆ ಗೊತ್ತುಂಟು.

ಇಂತಿ,
ಶರ್ಮಿಳಾಳ ಅಪ್ಪ, ಗಣಪ